ಸಾಹೇಬರು ಕೇಳಿದ ಪ್ರಶ್ನೆ

ಸೇಲ್ಸ್ ಟ್ಯಾಕ್ಸ್ ಸಾಹೇಬರು ಇನ್ನು ಹತ್ತು ದಿನದಲ್ಲಿ ತಪಾಸಣೆಗೆ ಬರುತ್ತಾರೆಂದು ನೋಟೀಸು ಬಂದಾಗ ಪ್ರಾಜಕ್ತಾಳಿಗೆ ಕೈಕಾಲೇ ಆಡಲಿಲ್ಲ.

ಮುರುಮ್ ಊರಿನ ಆ ಸ್ಟೀಲ್ ಪಾತ್ರೆ ಅಂಗಡಿ ಅವಳ ಗಂಡ ರವಿಕಾಂತನದು. ಕಿಲ್ಲಾರಿಯನ್ನು ನೆಲಸಮ ಮಾಡಿದ ಭೂಕಂಪದ ಹಿಂದಿನ ದಿನ ಆ ಕಡೆ ವಸೂಲಿಗೆ ಹೋದವನು ಅಲ್ಲೇ ಉಳಿದಿದ್ದ, ತಿರುಗಿ ಬರಲಿಲ್ಲ. ಆಮೇಲೆ ಮೂರು ವರ್ಷ ಅವಳೂ ಮಾವ ವಿಶ್ವನಾಥಪ್ಪನವರೂ ಹೇಗೋ ಅಂಗಡಿ ನಡೆಸಿದ್ದರು. ಬಿಲ್ಲುಗಳನ್ನು ಮಾತ್ರ ಲೆಕ್ಕಕ್ಕೆ ಬರೆಯದೆ ಚೀಲಕ್ಕೆ ತುಂಬಿಟ್ಟಿದ್ದರು.

ಮಾವ ನಿಲಂಗಾದಿಂದ ಟ್ಯಾಕ್ಸ್ ಕೆಲಸ ಬಲ್ಲ ಗುರುಲಿಂಗನನ್ನು ಕರೆಸಿದರು. ದಿನಾ ಬೆಳಗಿನ ಎಸ್‌ಟಿ ಬಸ್ಸಿಗೆ ಬಂದು ಅವನು ಬಿಲ್ಲು ಜೋಡಿಸುತ್ತಿದ್ದ, ಅವಳು ಪಾತ್ರೆ ಎಣಿಸುತ್ತಿದ್ದಳು.

"ಡಬ್ಬಿ ಎಷ್ಟ್ರಿ ವೈನಿ?" ಅತ್ತಿಗೆಯೆಂಬ ಮರ್ಯಾದೆಯಲ್ಲಿ ಅವನು ಕೇಳುತ್ತಿದ್ದ.

"ನಲವತ್ತೊಂದ್ರಿ."

"ನಿನ್ನಿ ನಲವತ್ತಂದ್ರಿ?"

"ನೀವು ಹಿಂಗ ನೋಡ್ಕೋತ ಕುಂತ್ರ ಎಣಿಕಿ ತಪ್ಪಲಾರ್ದ ಏನಾತದ್ರಿ?" ಎಂದವಳೇ ನಾಲಿಗೆ ಕಚ್ಚಿಕೊಂಡಳು. ಅವನು ತಾಟಿನ ಹಿಂದೆ ಮುಖ ಮರೆಸಿಕೊಂಡು ನಕ್ಕ. ಅವಳಿಗೂ ನಗು ಬಂತು. ತನ್ನ ನಗು ತನಗೇ ಹೊಸದೆನಿಸಿತು.

ಒಂದು ದಿನ ಚೀಲದಿಂದ ರವಿಕಾಂತನ ಅಕ್ಷರದ ಬಿಲ್ಲುಗಳು ಹೊರಬಿದ್ದವು. ಅವಳು ಎಣಿಕೆ ನಿಲ್ಲಿಸಿದ್ದನ್ನು ಕಂಡ ಗುರುಲಿಂಗ ಮೆಲ್ಲಗೆ ಅವನ್ನು ತನ್ನತ್ತ ಎಳೆದುಕೊಂಡ. "ಇವು ನಾ ಜೋಡಸ್ತೀನ್ರಿ. ನೀವು ನೋಡಬ್ಯಾಡ್ರಿ." ಅವಳ ಮನಸ್ಸು ಸೋತದ್ದು ಆವತ್ತು.

ತಪಾಸಣೆಯ ಹಿಂದಿನ ಮಧ್ಯಾಹ್ನ, ಮಾವ ಊಟಕ್ಕೆ ಹೋಗಿದ್ದಾಗ, ಅವನು ಕೊನೆಯ ಫೈಲು ಕಟ್ಟುತ್ತ "ಪ್ರಾಜಕ್ತಾ" ಎಂದ.

"ವೈನಿ ಅನ್ನಾದು ಬಿಟ್ರೇನ್ರಿ?"

"ಬಿಟ್ಟೀನಿ. ನಾಳಿಗಿ ನನ್ನ ಕೆಲಸ ಮುಗಿತದ. ಮುಂದ ಬರಾಕ ನೆಪ ಇಲ್ಲ. ನನ್ನ ಜೋಡಿ ಲಗ್ನ ಆಗ್ತೀರೇನು?"

"ಮಾವಾರು..."

"ಅವರನ್ನ ಬಿಟ್ಟ ಬರ್ರಿ ಅನ್ನಂಗಿಲ್ಲ. ನಾನೇ ಇಲ್ಲಿಗಿ ಬರ್ತೀನಿ."

"ನಾಳಿ ಹೇಳ್ತೀನ್ರಿ," ಎಂದಳು. ಏನು ಹೇಳುವುದೆಂದು ಆಗಲೇ ಅವಳಿಗೆ ಗೊತ್ತಿತ್ತು.

ಮರುದಿನ ಸಾಹೇಬರಿಗೆ ಒಂದು ತಪ್ಪೂ ಸಿಗಲಿಲ್ಲ. ಖುಷಿಯಿಂದ ಗುರುಲಿಂಗನತ್ತ ನೋಡಿ ಕೇಳಿದರು: "ಛಾನ್! ಇವರು ಮನಿಯವರೇನು?"

ಮಾವ ಥಟ್ಟನೆ ತಲೆ ಎತ್ತಿ ಸೊಸೆಯನ್ನು ನೋಡಿದರು. ಮಗ ಕೂರುತ್ತಿದ್ದ ಗಾದಿಯ ಪಕ್ಕದಲ್ಲಿ ಕೂತ ಆ ಮುದಿಜೀವವನ್ನು ಕಂಡು, ಹೌದೆಂದರೆ ಅವರು ನೊಂದಾರೆಂದು ಪ್ರಾಜಕ್ತಾಳಿಗೆ ಅನಿಸಿತು.

"ಅಲ್ಲ್ರಿ. ಹೊರಗಿನವರು. ಪಗಾರಕ್ಕ ಬಂದಾರ."

ಗುರುಲಿಂಗ ತಲೆ ತಗ್ಗಿಸಿ ಕಾಗದಗಳನ್ನು ಎತ್ತಿಟ್ಟ. ಸಾಹೇಬರು ಹೋದಮೇಲೆ ಚಪ್ಪಲಿ ಮೆಟ್ಟಿಕೊಂಡು "ಬರ್ತೀನ್ರಿ ವೈನಿ" ಎಂದು ಹೊರಟುಬಿಟ್ಟ. ಅವಳು ಬಾಗಿಲವರೆಗೂ ಹೋಗಲಿಲ್ಲ.

ಎಂಟು ದಿನ ಅವಳಿಗೆ ಅನ್ನ ಸೇರಲಿಲ್ಲ. ಒಂಬತ್ತನೆಯ ದಿನ ಮಾವ ತಾವೇ ಬಾಯಿ ತೆರೆದರು. "ನಿಮ್ಮಿಬ್ಬರ ಮನಸ ನನಗ ತಿಳಿದಿತ್ತು. ಅವತ್ತ ನೀ ಹೌದಂತಿ ಅನ್ಕೊಂಡಿದ್ದೆ ಯವ್ವಾ. ಅದನ್ನ ಕೇಳಾಕೇ ನಿನ್ನ ಮಾರಿ ನೋಡ್ದೆ."

ಆಗಲೇ ಅವರು ಲಗ್ನದ ಮಾತಾಡಲು ನಿಲಂಗಾ ಬಸ್ಸು ಹತ್ತಿದರು.

ಸಂಜೆ ಬಂದವರು ಕಟ್ಟೆಯ ಮೇಲೆ ಕುಸಿದು ಕೂತರು. "ಗುರುಲಿಂಗನ ಮನಿಯವರು ಉದಗೀರದ ಹುಡುಗಿಗಿ ನಿನ್ನಿನೇ ಮಾತು ಕೊಟ್ಟಾರಂತ. 'ಒಂದಿನ ಮದ್ಲ ಬರಬೇಕಿತ್ರಿ ಅಪ್ಪಾರ' ಅಂದು ನನ್ನ ಕೈ ಹಿಡ್ಕೊಂಡು ಅತ್ತ."

ಪ್ರಾಜಕ್ತಾ ಅವರಿಗೆ ನೀರು ಕೊಟ್ಟಳು. ಬಡಿಸಿ, ಉಣ್ಣುವ ತನಕ ಎದುರಿಗೇ ಕೂತಳು. ಆಮೇಲೆ ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಈ ಸಲ ಯಾವ ಭೂಮಿಯೂ ನಡುಗಿರಲಿಲ್ಲ. ಕಳೆದುಕೊಂಡದ್ದು ಅವಳ ಬಾಯಿಮಾತಿಂದಲೇ.