ನಲವತ್ತೊಂದನೆಯ ಬಲ್ಬು

"ಮೀನಿನವರ ಮನೆಯ ನಿಶ್ಚಿತಾರ್ಥಕ್ಕೆ ಇಂಥ ಬಲ್ಬು ಸಾಕು ಅಂತ ಎಣಿಸಿದ್ದಾ ನೀವು?"

ಮಾನ್ಯಾ ಹೀಗೆ ಕೇಳಿದ ರಭಸಕ್ಕೆ ಗುರುಪುರ ನದಿಯೇ ಒಂದು ಕ್ಷಣ ಹಿಂದಕ್ಕೆ ಹರಿಯಿತು! ಕೂಳೂರು ಸೇತುವೆಯ ಮೇಲಿನ ಲಾರಿಗಳೆಲ್ಲ ಹಾರ್ನ್ ಮರೆತವು. ಸುಳ್ಳಲ್ಲ... ಬೇಕಾದರೆ ನದಿಯನ್ನೇ ಕೇಳಿ.

ಏಣಿಯ ಮೇಲಿದ್ದ ಮೋಕ್ಷಿತ್ ನಿಧಾನವಾಗಿ ಕೆಳಗೆ ನೋಡಿದ. ನದಿ ದಂಡೆಯ ಆ ಹೋಟೆಲು ಅವನ ಮನೆಯವರದು. ಮರುದಿನ ಸಂಜೆ ಅದರ ತಾರಸಿಯಲ್ಲಿ ಮಾನ್ಯಾಳ ತಂಗಿ ಅಕ್ಷಿತಾಳ ನಿಶ್ಚಿತಾರ್ಥ. ಅದಕ್ಕೆಂದೇ ಅವನು ಹಳದಿ ಬೆಳಕಿನ ಹಳೇ ಕಾಲದ ತಂತಿ ಬಲ್ಬುಗಳನ್ನು ಸಾಲಾಗಿ ತೂಗುಹಾಕುತ್ತಿದ್ದ.

"ಎಂತ ಆಯ್ತು ಮೇಡಂ?"

ಅವನ ಕಣ್ಣು! ಉಳ್ಳಾಲದಿಂದ ಸುರತ್ಕಲ್‌ವರೆಗೆ ಅಂಥ ಕಣ್ಣು ಇನ್ನೊಂದು ಜೊತೆ ಇಲ್ಲ. ನಾನು ಮನೆಮನೆಗೆ ಹೋಗಿ ನೋಡಿ ಬಂದಿದ್ದೇನೆ.

'ಇಷ್ಟು ಚೆಂದದ ಕಣ್ಣಿನವ ಮೋಸ ಮಾಡ್ತಾನಾ...' ಎಂದಿತು ಅವಳ ಎದೆ. ಅವಳು ಎದೆಯನ್ನು ಗದರಿಸಿ ಸುಮ್ಮನಾಗಿಸಿದಳು. ಸುರತ್ಕಲ್ಲಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುವ ಅವಳ ಕೈಯಲ್ಲಿ ಮಲ್ಟಿಮೀಟರ್ ಇತ್ತು.

"ಬಲ್ಬಿನ ಮೇಲೆ ಅರುವತ್ತು ವಾಟ್ ಅಂತ ಉಂಟು. ಪೆಟ್ಟಿಗೆಯಿಂದ ಒಂದನ್ನು ತೆಗೆದು ಅಳೆದೆ. ರೆಸಿಸ್ಟೆನ್ಸ್ ಬರೀ ಅರುವತ್ತಾರು ಓಮ್! ಇನ್ನೂರ ಮೂವತ್ತು ವೋಲ್ಟನ್ನು ವರ್ಗ ಮಾಡಿ ಅರುವತ್ತಾರರಿಂದ ಭಾಗಿಸಿ ನೋಡಿ... ಎಂಟುನೂರು ವಾಟ್! ಒಂದೊಂದು ಬಲ್ಬೂ ಒಂದೊಂದು ಇಸ್ತ್ರಿಪೆಟ್ಟಿಗೆ! ಇಂಥದ್ದು ನಲವತ್ತು. ನಾಳೆ ನನ್ನ ತಂಗಿಯ ತಲೆ ಮೇಲೆ ವಯರು ಹೊತ್ತಿಕೊಂಡರೆ? ನಿಮ್ಮ ಮನೆಯ ಕಾರ್ಯಕ್ರಮ ಆಗಿದ್ರೆ ಈ ಡುಪ್ಲಿಕೇಟ್ ಮಾಲು ತರ್ತಿದ್ರಾ?"

ಮೋಕ್ಷಿತ್ ಏಣಿಯಿಂದ ಇಳಿದ.

"ಆಯ್ತು. ತೆಗಿತೇನೆ," ಎಂದಷ್ಟೇ ಹೇಳಿದ.

'ಒಪ್ಪಿಯೇ ಬಿಟ್ಟ. ಅಂದರೆ ಕಳ್ಳನೇ!' ಮಾನ್ಯಾ ಸಾಕ್ಷಿಗೆಂದು ಆ ಬಲ್ಬನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಗೆದ್ದವಳು ಅವಳೇ. ಆದರೂ ಪಣಂಬೂರು ದಾಟುವವರೆಗೆ ಆ ಕಣ್ಣುಗಳು ಬಸ್ಸಿನ ಪಕ್ಕದಲ್ಲೇ ಓಡಿ ಬಂದವು...

ಮಧ್ಯಾಹ್ನ ಲ್ಯಾಬಿನಲ್ಲಿ ಅವಳು ಮಕ್ಕಳಿಗೆ ಹೇಳಿದಳು: "ಕಳ್ಳ ಬಲ್ಬು ಎಷ್ಟು ಕರೆಂಟು ನುಂಗ್ತದೆ ಅಂತ ತೋರಿಸ್ತೇನೆ, ನೋಡಿ!"

ಸ್ವಿಚ್ ಹಾಕಿದಳು. ಬಲ್ಬು ಜೇನಿನಂತೆ ಹೊಳೆಯಿತು. ವೋಲ್ಟೇಜು ಇನ್ನೂರ ಮೂವತ್ತು. ಕರೆಂಟು...

ಸೊನ್ನೆ ಬಿಂದು ಎರಡು ಆರು ಆಂಪಿಯರ್!

ಮಾನ್ಯಾ ಚಾಕ್‌ಪೀಸು ಹಿಡಿದು ಬೋರ್ಡಿನತ್ತ ತಿರುಗಿದಳು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದಳು. ಎಂಟುನೂರ ಎಂಬತ್ತೈದು ಓಮ್. ಎರಡನ್ನೂ ಗುಣಿಸಿದಳು. ಅರುವತ್ತು ವಾಟ್. ಸರೀ ಅರುವತ್ತು!

'ಅಯ್ಯೋ... ತಣ್ಣಗಿರುವಾಗ ಅಳೆದೆನಲ್ಲ!'

ತಂತಿ ಉರಿದು ಬಿಸಿಯಾದಾಗ ರೆಸಿಸ್ಟೆನ್ಸ್ ಹತ್ತು ಪಟ್ಟಿಗೂ ಹೆಚ್ಚು ಏರುತ್ತದೆ. ಪ್ರತಿ ವರ್ಷ ಅವಳೇ ಕಲಿಸುವ ಪಾಠವಿದು. ಆದರೆ ಕೋಪ ಬಂದಾಗ ಪಾಠ ಯಾರಿಗೆ ನೆನಪಿರುತ್ತದೆ!

ಅವನು ಕಳ್ಳನಲ್ಲ. ಕಾರಣವಿಲ್ಲದೆ ಒಬ್ಬ ಒಳ್ಳೆಯವನ ಮನಸ್ಸು ಮುರಿದಿದ್ದಳು. ಅದರ ಮೇಲೆ ತಂಗಿಯ ಸಂಜೆಯನ್ನೂ ಕತ್ತಲು ಮಾಡಿದ್ದಳು.

ಕ್ಲಾಸು ಮುಗಿದದ್ದೇ ತಡ, ಕೂಳೂರಿಗೆ ಹೊರಟಳು. ಅವಳ ಅವಸರ ನೋಡಿ ಬಸ್ಸು ನೆಲ ಬಿಟ್ಟು ಹಾರಿತು! ಕಂಡಕ್ಟರ್ ಮೋಡಗಳಿಗೂ ಟಿಕೆಟ್ ಹರಿದ.

ತಾರಸಿ ಬೋಳಾಗಿತ್ತು. ಮೋಕ್ಷಿತ್ ಮೂಲೆಯಲ್ಲಿ ಕುಳಿತು ವಯರು ಸುತ್ತುತ್ತಿದ್ದ. ಆ ಹೊತ್ತಿನ ಆಕಾಶದ ಬಣ್ಣವನ್ನು ವರ್ಣಿಸಿದರೆ ನಿಮಗೆ ಇವತ್ತು ನಿದ್ದೆ ಬರಲಿಕ್ಕಿಲ್ಲ, ಅದಕ್ಕೇ ಬಿಟ್ಟಿದ್ದೇನೆ.

"ಎಲ್ಲ ತೆಗೆದುಬಿಟ್ರಾ?"

"ಬೆಂಕಿ ಹಿಡೀತದೆ ಅಂದ್ರಲ್ಲ ಮೇಡಂ. ಅಪ್ಪ ಬೈದ್ರು, 'ಎಂತ ಮಾರಾಯ, ಕತ್ತಲೆಯಲ್ಲಿ ಉಂಗುರ ಹಾಕಿಸುವುದಾ?' ಅಂತ."

"ನಾನು ಅಷ್ಟು ಬೈದ ಮೇಲೂ ನನ್ನ ಮಾತು ನಂಬಿದ್ರಾ?"

"ಲೆಕ್ಕ ನಂಬಿದೆ. ಬೈಗುಳ ನಂಬ್ಲಿಲ್ಲ."

ಅವಳು ಬ್ಯಾಗಿನಿಂದ ಬಲ್ಬು ತೆಗೆದು ಅವನ ಕೈಗಿಟ್ಟಳು.

"ಲೆಕ್ಕವೇ ತಪ್ಪು ಮೋಕ್ಷಿತ್. ಉರಿಸಿ ಅಳೆಯಬೇಕಿತ್ತು. ಇದು ಅಸಲೀ ಅರುವತ್ತು ವಾಟ್. ತಪ್ಪು ನನ್ನದು... ಕ್ಷಮಿಸಿ."

"ವಾಟ್ ತಪ್ಪಿದ್ದಕ್ಕೆ ಬೇಜಾರಿಲ್ಲ," ಎಂದ ಅವನು ಮೆಲ್ಲಗೆ. "ಮೀನಿನವರ ಮನೆ ಅಂದ್ರಲ್ಲ, ಅದು ಮನಸ್ಸಿಗೆ ಕುತ್ತಿತು. ನಿಮ್ಮಪ್ಪ ಲೀಲಾಧರಣ್ಣನ ಬೋಟಿನ ಮೀನು ಬಾರದೆ ನಮ್ಮ ಹೋಟೆಲಲ್ಲಿ ಒಲೆ ಹಚ್ಚಿದ್ದೇ ಇಲ್ಲ. ಎಂತಕ್ಕೆ ಹಾಗೆ ಹೇಳಿದ್ದು?"

ಮಾನ್ಯಾ ನದಿಯ ಕಡೆಗೆ ತಿರುಗಿದಳು.

"ನಾನು ಸಣ್ಣವಳಿರುವಾಗ ಒಂದು ಮದುವೆ ಹಾಲ್‌ನಲ್ಲಿ ಅಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿದ್ರು. ಮೀನಿನ ವಾಸನೆ ಅಂತ... ಅದಕ್ಕೇ ಈಗ ಎಲ್ಲಿ ಹೋದರೂ ಮೊದಲು ಜಗಳ ಶುರು ಮಾಡುವುದು ನಾನೇ."

ಅವನು ಸುತ್ತಿಟ್ಟಿದ್ದ ವಯರನ್ನು ಮತ್ತೆ ಬಿಚ್ಚತೊಡಗಿದ.

"ಇದು ತಾರಸಿ ಮೇಡಂ. ಇಲ್ಲಿ ಬಾಗಿಲೇ ಇಲ್ಲ."

ಅಳುತ್ತಲೇ ಅವಳು ನಕ್ಕಳು. ಆ ನಗುವಿಗೆ ಅರಬ್ಬೀ ಸಮುದ್ರದಲ್ಲಿ ಮೂರು ಅಲೆ ಹೆಚ್ಚು ಎದ್ದವು!

ಅವನು ಏಣಿ ಹತ್ತಿದ, ಅವಳು ಏಣಿ ಹಿಡಿದಳು. ಒಂದೊಂದೇ ಬಲ್ಬು ಅವಳ ಕೈಯಿಂದ ಅವನ ಕೈಗೆ... ಪ್ರತಿ ಸಲವೂ ಬೆರಳಿಗೆ ಬೆರಳು ತಾಗಿತು. ನಲವತ್ತು ಬಲ್ಬು ಕಡಿಮೆಯಾಯಿತೆಂದು ಇಬ್ಬರಿಗೂ ಅನಿಸಿತು.

ಸ್ವಿಚ್ ಹಾಕಿದಾಗ ನಲವತ್ತು ಬೆಳಕು ನದಿಗಿಳಿದು ನಾಲ್ಕು ಸಾವಿರವಾಯಿತು. ನೀರು ಯಾವುದು, ಆಕಾಶ ಯಾವುದು ಎಂದು ಕೊಕ್ಕರೆಗಳಿಗೂ ತಿಳಿಯಲಿಲ್ಲ.

"ನಾಳೆ ನೀವು ಎಲ್ಲಿ ನಿಲ್ತೀರಿ?" ಮೋಕ್ಷಿತ್ ಕೇಳಿದ.

"ನಾನಾ? ಜನ ಇಲ್ಲದ ಮೂಲೆ ನೋಡಿ ನಿಲ್ತೇನೆ. ಯಾಕೆ?"

"ಆ ಮೂಲೆಗೆ ಒಂದು ಬಲ್ಬು ಹೆಚ್ಚು ಹಾಕ್ಬೇಕು ಅಂತ. ನನಗೆ ನೋಡ್ಲಿಕ್ಕೆ. ಲೈನು ತಡೀತದಾ?"

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ನಲವತ್ತಕ್ಕೆ ಹತ್ತೂವರೆ ಆಂಪಿಯರ್ ಸಹ ಇಲ್ಲ. ಇನ್ನೊಂದಕ್ಕೆ ಕಾಲು. ಲೈನು ತಾಳುವುದು ಹದಿನಾರು...

"ಲೈನು ತಡೀತದೆ," ಎಂದಳು ತಲೆ ತಗ್ಗಿಸಿ. "ನಾನು ತಡಿಯುವುದೇ ಡೌಟು."

"ಹಾಗಾದ್ರೆ ಪಕ್ಕದಲ್ಲೇ ನಿಲ್ತೇನೆ. ಆಗದಾ ಮಾನ್ಯಾ?"

"ಆಗಬಹುದು... ಆದ್ರೆ ನಾಳೆ ಒಂದು ದಿನಕ್ಕೆ ಮಾತ್ರ ಅಂತಾದರೆ ಬೇಡ."