ಹಿಂದೆಯೇ ಬರುತ್ತಿದ್ದ ಲಾರಿ

"ಯಾಕ್ ಬಂದೆ?"

ಬಾಗಿಲು ತೆಗೆದ ಪ್ರಮೋದಾಳ ಬಾಯಿಂದ ಹೊರಟ ಮೊದಲ ಮಾತೇ ಅದು.

ಹೊಸಿಲಿನಾಚೆ ನಿಂತಿದ್ದವನು ಯೋಗಾನಂದ. ಎರಡು ವರ್ಷದ ಹಿಂದೆ ಅವಳಿಗೆ ಹೂ ಮುಡಿಸಲು ದಿನ ಗೊತ್ತುಮಾಡಿಕೊಂಡಿದ್ದ ಹುಡುಗ. ಅವಳ ಅಣ್ಣ ನಂದೀಶನ ಜೀವದ ಗೆಳೆಯ. ಆ ಅಣ್ಣನ ಸೊಂಟದ ಕೆಳಗಿನ ಶಕ್ತಿಯೆಲ್ಲ ಹೋದ ದಿನ ಬೈಕ್ ಓಡಿಸುತ್ತಿದ್ದವನೂ ಇವನೇ!

ಕೆನ್ನೆ ಬತ್ತಿತ್ತು. ಗಡ್ಡ ಬೆಳೆದಿತ್ತು. ಹೆಗಲಲ್ಲೊಂದು ಕಪ್ಪು ಬ್ಯಾಗು.

ಅವಳ ಬೆನ್ನ ಹಿಂದೆ ಎರಡು ಪವರ್‌ಲೂಮ್‌ಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮೆಲ್ಲಗೆ ಮಾತಾಡುವವರು ಯಾರೂ ಇಲ್ಲ. ಕೂಗಬೇಕು, ಇಲ್ಲವೇ ಎದುರಿನವರ ತುಟಿ ನೋಡಿ ತಿಳಿದುಕೊಳ್ಳಬೇಕು. ಮಗ್ಗದ ಸದ್ದಿನಲ್ಲೇ ತೊಟ್ಟಿಲು ತೂಗಿಸಿಕೊಂಡ ಪ್ರಮೋದಾಳಿಗೆ ತುಟಿ ಸಾಕು, ದನಿ ಬೇಡ.

ಅವನ ತುಟಿ ಆಡಿತು. "ಕಂಪ್ಯೂಟರ್ ನಿಧಾನ ಆಗಿದೆ ಅಲ್ವಾ? ನೋಡ್ಬಿಟ್ಟು ಹೋಗ್ತೀನಿ."

'ಇವನಿಗೆ ಹೇಗೆ ಗೊತ್ತು? ಯಾರು ಹೇಳಿದರು?'

"ನಿಂಗ್ಯಾರ್ ಹೇಳಿದ್ದು?"

ಅವನು ತಲೆ ತಗ್ಗಿಸಿದ.

"ಆಸ್ಪತ್ರೆಗೆ ಒಂದಿನ ಬಂದೆ, ಆಮೇಲೆ ತಲೆ ಮರೆಸ್ಕೊಂಡೆ! ನೆಲಮಂಗಲದಲ್ಲಿ ಯಾವ್ದೋ ಕಂಪ್ಯೂಟರ್ ಅಂಗಡೀಲಿ ಆರಾಮಾಗಿದ್ದೀಯಂತೆ. ಅಲ್ಲೇ ಇರು. ಅಪ್ಪ ಬರೋದ್ರೊಳಗೆ ಹೊರಟ್ಹೋಗು!"

ಅಪ್ಪ ಕೋದಂಡರಾಮಯ್ಯ ನೇಯ್ದ ಸೀರೆಗಳನ್ನು ಒಪ್ಪಿಸಲು ಬೆಳಗ್ಗೆಯೇ ಬೆಂಗಳೂರಿಗೆ ಹೋಗಿದ್ದರು. ನಾಲ್ಕು ಗಂಟೆಗೆಲ್ಲ ಬರುವವರು. ಬಂದು ಇವನನ್ನು ಕಂಡರೆ... ನೆನೆಸಿಕೊಳ್ಳಲೂ ಅವಳಿಗೆ ಭಯವಾಯಿತು.

ಬಾಗಿಲು ಮುಚ್ಚಬೇಕು ಎನ್ನುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಅವಳ ಭುಜ ಹಿಡಿಯಿತು. ಅಮ್ಮ ಆದಿಲಕ್ಷ್ಮಮ್ಮ.

"ಒಳಗ್ ಬಿಡು ಅವನ್ನ."

"ಅಮ್ಮಾ!"

"ನನ್ ಮಗ ಬಾಯಿಗೆ ಅನ್ನ ಇಟ್ಟು ಮೂರು ದಿನ ಆಯ್ತು ಕಣೇ. ಯಮನೇ ಬಂದು ಆ ಮಿಷನ್ ಸರಿ ಮಾಡ್ತೀನಿ ಅಂದ್ರೂ ಒಳಗ್ ಬಿಡ್ತೀನಿ ನಾನು."

ಹೆತ್ತ ಕರುಳಿನ ಎದುರು ಯಾವ ಸಿಟ್ಟು ನಿಂತೀತು? ಪ್ರಮೋದಾ ಪಕ್ಕಕ್ಕೆ ಸರಿದಳು.

ಮಗ್ಗಗಳ ಮಗ್ಗುಲಲ್ಲೇ ನಂದೀಶನ ಕೋಣೆ. ಬಾಗಿಲಿಲ್ಲ, ಪರದೆ ಮಾತ್ರ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅವನು ತಿರುಗಿ ಕೂಡ ನೋಡಲಿಲ್ಲ. ಬೆನ್ನಿನ ಹುಣ್ಣಿಗೆ ಹಚ್ಚಿದ ಮುಲಾಮಿನ ವಾಸನೆ ಕೋಣೆಯ ತುಂಬ ಹರಡಿತ್ತು.

ಆ ಬೆನ್ನು ಕಂಡು ಯೋಗಾನಂದನ ಹೆಗಲಿಂದ ಬ್ಯಾಗು ಜಾರಿತು.

ಒಂದು ಕಾಲದಲ್ಲಿ ಸೋಂಪುರದ ಫ್ಯಾಕ್ಟರಿಗಳಿಂದ ಲೋಡು ತುಂಬಿಕೊಂಡು ಹೊರಟರೆ ಹುಬ್ಬಳ್ಳಿಯವರೆಗೂ ಹಾಡು ಹೇಳಿಕೊಂಡು ಲಾರಿ ಓಡಿಸುತ್ತಿದ್ದ ಹುಡುಗ ನಂದೀಶ. ಈಗ ಅವನಿಗೆ ಉಳಿದಿದ್ದದ್ದು ಕಂಪ್ಯೂಟರಿನೊಳಗಿನ ಲಾರಿ. ಮಂಚಕ್ಕೆ ಅಡ್ಡ ಹಲಗೆ ಹಾಕಿ, ಅದರ ಮೇಲೊಂದು ಆಟದ ಸ್ಟೀರಿಂಗ್ ಕೂರಿಸಿ, ದಿನಕ್ಕೆ ನಾಲ್ಕೈದು ಗಂಟೆ ಯಾವುದೋ ದೇಶದ ರಸ್ತೆಯಲ್ಲಿ ಅವನ ಲಾರಿ ಓಡುತ್ತಿತ್ತು. ಆ ಹೊತ್ತಿನಲ್ಲಷ್ಟೇ ಆ ಮನೆಯಲ್ಲಿ ನಗು ಕೇಳಿಸುತ್ತಿದ್ದದ್ದು.

ಆ ಆಟದಲ್ಲಿ ಅವನಿಗೊಬ್ಬ ಜೊತೆಗಾರನಿದ್ದ. ಎಂಟು ತಿಂಗಳಿಂದ ದಿನಾ ಬರುತ್ತಿದ್ದ, ಹೆಸರು ಊರು ಗೊತ್ತಿಲ್ಲದವನು. ಮಾತಿಲ್ಲ, ಕತೆಯಿಲ್ಲ, ನಂದೀಶನ ಲಾರಿಯ ಹಿಂದೆಯೇ ತನ್ನ ಲಾರಿ ಓಡಿಸುತ್ತಿದ್ದ. "ನನ್ ಬಾಲಂಗೋಚಿ ಬಂದ ನೋಡೇ ಪಮ್ಮಿ!" ಎಂದು ಅಣ್ಣ ಖುಷಿಯಿಂದ ಕೂಗಿದಾಗ ಅವಳು ಮಗ್ಗ ಬಿಟ್ಟು ಓಡಿ ಬಂದು ನೋಡುತ್ತಿದ್ದಳು. ಆಟದ ಲಾರಿಯ ಕನ್ನಡಿಯಲ್ಲಿ ಹಿಂದಿನ ಲಾರಿಯ ಎರಡು ಹಳದಿ ದೀಪ ಕಾಣುತ್ತಿದ್ದವು.

ಒಂದು ತಿಂಗಳಿಂದ ಎಲ್ಲ ಕೆಟ್ಟಿತ್ತು. ಲಾರಿ ತಡವರಿಸಿತು, ನಿಂತು ನಿಂತು ಓಡಿತು. ಮೂರು ದಿನದ ಹಿಂದೆ ನಂದೀಶ ಸ್ಟೀರಿಂಗನ್ನು ನೆಲಕ್ಕೆಸೆದ. "ಇದೂ ಹೋಯ್ತು. ಇನ್ನೇನಕ್ಕೆ ಬದುಕಿರ್ಲಿ ನಾನು?" ಎಂದು ಗೋಡೆಯ ಕಡೆ ತಿರುಗಿದವನು ಮತ್ತೆ ಈಚೆ ತಿರುಗಿರಲಿಲ್ಲ.

"ಯಾರಿಗಾದ್ರೂ ತೋರಿಸಿದ್ರಾ?" ಯೋಗಾನಂದ ಕೇಳಿದ.

"ಬಸ್‌ಸ್ಟ್ಯಾಂಡ್ ಹತ್ರದ ಅಂಗಡಿಗೆ ಎರಡು ಸಲ ಹೊತ್ಕೊಂಡು ಹೋದೆ. ಅಲ್ಲಿ ಚೆನ್ನಾಗೇ ಓಡ್ತು. ಮನೆಗೆ ತಂದ್ರೆ ಮತ್ತೆ ಅದೇ ಕತೆ. ಅಲ್ಲಿ ಐದು ನಿಮಿಷ ಓಡಿಸಿ ನೋಡಿ, ಏನೂ ಆಗಿಲ್ಲ ಅಂದ್ಬಿಟ್ರು," ಎಂದಳು ಪ್ರಮೋದಾ.

"ಐದೇ ನಿಮಿಷನಾ?"

ಅವನು ಆಟ ಶುರು ಮಾಡಿದ. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಸಣ್ಣ ಅಂಕಿಗಳು ಕಾಣುವಂತೆ ಏನೋ ಮಾಡಿದ. ಲಾರಿ ನೀರಿನ ಹಾಗೆ ಓಡಿತು. ಎರಡು ನಿಮಿಷ, ಐದು, ಎಂಟು... ಇದ್ದಕ್ಕಿದ್ದಂತೆ ರಸ್ತೆ ಚೂರು ಚೂರಾಗಿ ನಿಲ್ಲತೊಡಗಿತು. ಚಿತ್ರದ ಗುಣಮಟ್ಟ ಇಳಿಸಿ ನೋಡಿದ. ಇಂಟರ್ನೆಟ್ ಕಿತ್ತು ನೋಡಿದ. ಏನೂ ಬದಲಾಗಲಿಲ್ಲ. ಒಳಗಿನ ಬಿಸಿ ತೋರಿಸುವ ಮೂಲೆಯ ಅಂಕಿ ಮಾತ್ರ ತೊಂಬತ್ತೆಂಟಕ್ಕೆ, ನೀರು ಕುದಿಯುವ ಮಟ್ಟದ ಹತ್ತಿರಕ್ಕೆ, ಬಂದು ಕೂತಿತ್ತು.

"ಜ್ವರ ಬಂದಿದೆ ಇದಕ್ಕೆ," ಎಂದು ಅವನು ಸಿಪಿಯು ಮೇಲೆ ಕೈಯಿಟ್ಟವನೇ ಸರಕ್ಕನೆ ಹಿಂತೆಗೆದ. "ಪಮ್ಮಿ... ಈ ಕವರ್ ಯಾವಾಗ ಹಾಕಿದ್ದು?"

ಪಮ್ಮಿ! ಎರಡು ವರ್ಷವಾಗಿತ್ತು ಆ ಬಾಯಿಂದ ಆ ಹೆಸರು ಕೇಳಿ. ಅವಳ ಕಣ್ಣಂಚು ಚುರುಗುಟ್ಟಿತು.

"ಹೋದ ತಿಂಗಳು... ನಾನೇ ಹೊಲಿದಿದ್ದು."

ಮಗ್ಗದ ಮನೆಯಲ್ಲಿ ನೂಲಿನ ಜುಂಗು ಗಾಳಿಯ ತುಂಬ ಹಾರುತ್ತದೆ. ಕೂದಲಲ್ಲಿ, ಸಾರಿನಲ್ಲಿ, ದೇವರ ಪಟದ ಮೇಲೆ, ಎಲ್ಲೆಲ್ಲೂ ಅದೇ. ಮಗ್ಗ ನಿಲ್ಲಿಸಿದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ಹಾಸಿನ ನೂಲಿಗೆ ಬಟ್ಟೆ ಹೊದಿಸುವುದು ನೇಕಾರರ ಮನೆಯ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಅಣ್ಣನ ಕಂಪ್ಯೂಟರಿಗೂ ಜುಂಗು ತಾಗಬಾರದೆಂದು ಪ್ರಮೋದಾ ಒಂದು ಸೀರೆಯ ತುಂಡಿನಲ್ಲಿ ಒಳ್ಳೆ ಬಿಗಿಯಾದ ಗವಸು ಹೊಲಿದಿದ್ದಳು. ಆಟ ಆಡುವಾಗಲೂ ತೆಗೆಯುತ್ತಿರಲಿಲ್ಲ. ಅಂಗಡಿಗೆ ಒಯ್ಯುವಾಗ ಬಿಚ್ಚುತ್ತಿದ್ದಳು, ಮನೆಗೆ ಬಂದೊಡನೆ ಮತ್ತೆ ತೊಡಿಸುತ್ತಿದ್ದಳು!

ಯೋಗಾನಂದ ಗವಸು ಬಿಚ್ಚಿದ. ಸ್ವಿಚ್ ಆರಿಸಿ, ತಿರುಪು ಕಳಚಿ ಪಕ್ಕದ ತಗಡು ತೆಗೆದ. ಒಳಗಿನ ಫ್ಯಾನು ಕಾಣಿಸಲೇ ಇಲ್ಲ. ಅದರ ಮೇಲೆ ವರ್ಷಗಟ್ಟಲೆಯ ಜುಂಗು ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿತ್ತು.

"ಒಳಗೆ ಮೊದ್ಲೇ ಜುಂಗು ತುಂಬಿತ್ತು. ಮೇಲಿಂದ ಇದೂ ಬಿತ್ತು. ಉಸಿರಾಡಕ್ಕೆ ಜಾಗ ಇರ್ಲಿಲ್ಲ. ಬಿಸಿ ಜಾಸ್ತಿ ಆದ್ರೆ ಇದು ತಾನಾಗೇ ನಿಧಾನ ಮಾಡ್ಕೊಳ್ಳುತ್ತೆ, ಸುಟ್ಟು ಹೋಗ್ಬಾರ್ದು ಅಂತ."

ಪ್ರಮೋದಾ ಗವಸನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು.

"ಹಾಗಾದ್ರೆ... ಹಾಳು ಮಾಡಿದ್ದು ನಾನೇನಾ? ಅಣ್ಣ ಊಟ ಬಿಟ್ಟಿದ್ದು ನನ್ನಿಂದ್ಲಾ?"

"ನೀನು ಕಾಪಾಡಕ್ಕೆ ಅಂತ ಹಾಕಿದ್ದಲ್ವಾ."

"ಆದ್ರೂ ನನ್ ಕೈಯಾರೆ ತಾನೇ ಆಗಿದ್ದು!"

ಅವಳು ಅವನ ಕಣ್ಣು ನೋಡಿದಳು. ತನ್ನ ಕೈಯಾರೆ ಆಗಿಹೋದದ್ದನ್ನು ಹೊತ್ತುಕೊಂಡು ದಿನ ಕಳೆಯುವುದು ಹೇಗಿರುತ್ತದೆಂದು ಆ ಕಣ್ಣಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಅವಳು ಅದನ್ನು ಯೋಚಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು.

ಎರಡೂ ಮಗ್ಗಗಳು ಗಕ್ಕನೆ ನಿಂತವು. ಆ ನಿಶ್ಶಬ್ದದಲ್ಲಿ ಗೋಡೆಯ ಕಡೆಯಿಂದ ಒಡೆದ ದನಿಯೊಂದು ಬಂತು.

"ಬಂದ್ಯೇನೋ, ಬಾಲಂಗೋಚಿ?"

ಜುಂಗು ಕೆರೆಯಲು ಯೋಗಾನಂದ ಬ್ಯಾಗಿನಿಂದ ತೆಗೆದಿದ್ದ ಬ್ರಷ್ ಕೈಯಲ್ಲೇ ನಿಂತಿತು.

ಪ್ರಮೋದಾ ಅಣ್ಣನ ಬೆನ್ನು ನೋಡಿದಳು, ಯೋಗಾನಂದನ ಮುಖ ನೋಡಿದಳು. 'ಆ ಎರಡು ದೀಪ... ದಿನಾ ಹಿಂದೆ ಬರುತ್ತಿದ್ದ ಆ ಲಾರಿ... ಇವನಾ?'

"ನಿಂಗೆ... ಗೊತ್ತಿತ್ತೇನೋ ನಂದೀ?" ಯೋಗಾನಂದ ಕೇಳಿದ.

ನಂದೀಶ ಮೊಣಕೈ ಊರಿ, ನರಳುತ್ತಾ ಈ ಕಡೆ ತಿರುಗಿದ. ಮೂರು ದಿನದ ಮೇಲೆ ಅವನ ಮುಖ ಕಂಡ ಆದಿಲಕ್ಷ್ಮಮ್ಮ ಪರದೆ ಹಿಡಿದುಕೊಂಡೇ ಅತ್ತರು.

"ಎಂಟು ತಿಂಗಳು ಲೇ! ಖಾಲಿ ರೋಡಲ್ಲೂ ಒಂದಿನ ಓವರ್‌ಟೇಕ್ ಮಾಡ್ಲಿಲ್ಲ ನೀನು. ನಾನು ಬೇಕೂಂತ್ಲೇ ಇಪ್ಪತ್ತರಲ್ಲಿ ಹೋದ್ರೂ ಹಿಂದೇನೇ ಬರ್ತಿದ್ದೆ. ಅಷ್ಟು ಹೆದ್ರೋ ಡ್ರೈವರ್ ಇನ್ಯಾರಿದ್ದಾನೆ ನಂಗೆ?"

ಎರಡು ವರ್ಷದ ಹಿಂದೆ ಇಬ್ಬರೂ ಶಿವಗಂಗೆಯ ಬೆಟ್ಟ ಹತ್ತಿ ಬರುತ್ತಿದ್ದ ಆ ಸಂಜೆ, ನೆಲಮಂಗಲದ ಹೈವೇಯಲ್ಲಿ ಒಂದು ಕಂಟೇನರ್ ಲಾರಿಯನ್ನು ಹಿಂದಿಕ್ಕುವ ಅವಸರದಲ್ಲೇ ಯೋಗಾನಂದನ ಬೈಕು ಮರಳಿಗೆ ಜಾರಿದ್ದು.

"ಓಡಿಸ್ತಿದ್ದವ್ನು ನಾನೇ ನಂದೀ. ತಪ್ಪು ನಂದೇ. ಅದನ್ನ ಇಲ್ಲ ಅನ್ನಕ್ಕೆ ಬಂದಿಲ್ಲ," ಅವನು ನೆಲದ ಮೇಲೆ ಕೂತೇ ಕೈ ಮುಗಿದ. "ಆಟದಲ್ಲಿ ನಿನ್ ಹೆಸ್ರು ಕಂಡ ದಿನದಿಂದ ಹಿಂದೇನೇ ಬರ್ತಿದ್ದೆ. ನಿನ್ ಗಾಡಿ ತಡವರಿಸೋದು ನೋಡ್ತಿದ್ದೆ. ಮೂರು ದಿನ ನೀನು ಬರ್ಲೇ ಇಲ್ಲ. ಏನೇನೋ ಕೆಟ್ಟ ಯೋಚ್ನೆ ಬಂತು... ತಡ್ಕೊಳ್ಳಕ್ಕಾಗ್ಲಿಲ್ಲ."

"ಸತ್ತೋಗ್ಬೇಕು ಅಂತ ಎಷ್ಟೋ ದಿನ ಅನ್ಸಿದೆ ಕಣೋ," ನಂದೀಶ ಸೂರು ನೋಡುತ್ತಾ ಹೇಳಿದ. "ಇವ್ನು ಹಿಂದೆ ಬರ್ತಾನಲ್ಲ, ಕಾಯ್ತಿರ್ತಾನಲ್ಲ, ಅಂತ ಮಾರನೇ ದಿನ ಮತ್ತೆ ಗಾಡಿ ತೆಗೀತಿದ್ದೆ."

ಪ್ರಮೋದಾಳಿಗೆ ತಡೆಯಲಾಗಲಿಲ್ಲ. "ಮತ್ತೆ ಮನೆಗ್ಯಾಕೆ ಬರ್ಲಿಲ್ಲ? ನಂಗೊಂದು ಫೋನು... ಒಂದೇ ಒಂದು ಮಾತು ಹೇಳ್ಬಾರ್ದಿತ್ತಾ? ನಾನು ಬದುಕಿದ್ದೀನಾ ಅಂತ ಕೇಳ್ಬಾರ್ದಿತ್ತಾ?"

ಅವನು ಬಾಯಿ ಬಿಡುವ ಮೊದಲೇ ಆದಿಲಕ್ಷ್ಮಮ್ಮ ಹೇಳಿದರು.

"ನಿಮ್ಮಪ್ಪ ಆಣೆ ಇಡಿಸ್ಕೊಂಡ್ರು ಕಣೇ. ಆಪರೇಷನ್ ದಿನ, ಆಸ್ಪತ್ರೆ ಬಾಗಿಲಲ್ಲಿ. 'ನಮ್ ಹೊಸಿಲು ದಾಟಲ್ಲ, ನನ್ ಮಗಳನ್ನ ಮಾತಾಡಿಸಲ್ಲ ಅಂತ ನಂದೀಶನ ಜೀವದ ಮೇಲೆ ಆಣೆ ಇಡು' ಅಂದ್ರು. ಒಳಗೆ ನನ್ ಮಗ ಸಾವು ಬದುಕಲ್ಲಿದ್ದ. ನಾನೂ ಸುಮ್ನಿದ್ಬಿಟ್ಟೆ."

ಓಡಿಹೋದ ಹೇಡಿ ಎಂದು ಎರಡು ವರ್ಷ ಪ್ರಮೋದಾ ಶಪಿಸಿದ್ದಳಲ್ಲ... ಅದೂ ಅಣ್ಣನ ಜೀವಕ್ಕಾಗಿ ಬಾಯಿ ಕಟ್ಟಿಕೊಂಡಿದ್ದವನನ್ನು!

ಅವಳು ಎದ್ದು ಹೋಗಿ ಮಗ್ಗದ ಜುಂಗು ತೆಗೆಯುವ ತನ್ನ ಸಣ್ಣ ಬ್ರಷ್ ತಂದಳು. ಅವನ ಎದುರು ಕೂತು, ಫ್ಯಾನಿನ ಎಲೆಗಳನ್ನು ಒಂದೊಂದಾಗಿ ಉಜ್ಜತೊಡಗಿದಳು. ಅವನು ಒಳಗಿನ ಬಿಸಿಯನ್ನು ಹೊರಗೆ ದಾಟಿಸುವ, ಒಣಗಿಹೋಗಿದ್ದ ಅಂಟು ಒರೆಸಿ ಹೊಸದು ಹಚ್ಚಿದ. ಇಬ್ಬರ ಬೆರಳೂ ಜುಂಗಿನಿಂದ ಬೂದುಬಣ್ಣಕ್ಕೆ ತಿರುಗಿದ್ದವು. ಅವಳ ಕಣ್ಣೀರು ತಟತಟ ಉದುರುತ್ತಿತ್ತು.

"ಅದ್ರ ಮೇಲೆ ಬೀಳಿಸ್ಬೇಡ, ಶಾರ್ಟ್ ಆಗುತ್ತೆ," ಎಂದ ಅವನು, ಮೆಲ್ಲಗೆ.

ಅಳುವಿನ ನಡುವೆಯೂ ಅವಳಿಗೆ ನಗು ಬಂದುಬಿಟ್ಟಿತು.

ಕರೆಂಟ್ ಬಂತು. ಕಂಪ್ಯೂಟರನ್ನು ಮಗ್ಗದಿಂದ ದೂರ, ಕಿಟಕಿಯ ಹತ್ತಿರ, ಎತ್ತರದ ಸ್ಟೂಲಿನ ಮೇಲೆ ಇಟ್ಟರು. ಗವಸು ಹಾಕಲಿಲ್ಲ. ನಂದೀಶ ಸ್ಟೀರಿಂಗ್ ಹಿಡಿದ. ಐದು ನಿಮಿಷ... ಹತ್ತು... ಅರ್ಧ ಗಂಟೆ. ಲಾರಿ ಎಲ್ಲೂ ನಿಲ್ಲಲಿಲ್ಲ.

"ಅಮ್ಮಾ," ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ. "ಒಂದ್ ಮುದ್ದೆ ಇದ್ಯಾ?"

ಆದಿಲಕ್ಷ್ಮಮ್ಮ ಅಡುಗೆಮನೆಗೆ ಓಡಿದರು.

ಆಗಲೇ ಪರದೆಯ ಬಳಿ ನೆರಳು ಬಿತ್ತು. ಕೋದಂಡರಾಮಯ್ಯ! ಕೈಯಲ್ಲಿ ಖಾಲಿ ಸೀರೆಚೀಲ. ಅವರ ಕಣ್ಣು ಮೊದಲು ಯೋಗಾನಂದನ ಮೇಲೆ ಬಿತ್ತು, ಮುಖ ಕೆಂಪಾಯಿತು. ಯೋಗಾನಂದ ಎದ್ದು ಗೋಡೆಗೆ ಒರಗಿ ನಿಂತ.

"ಆಣೆ ಮುರಿದೆ ಮಾವ. ಏನ್ ಶಿಕ್ಷೆ ಕೊಟ್ರೂ ಸರಿ."

ಅವರು ಕೈಯೆತ್ತಿದರು. ಪ್ರಮೋದಾ ಅಡ್ಡ ಬಂದಳು. ಅಷ್ಟರಲ್ಲಿ ಆದಿಲಕ್ಷ್ಮಮ್ಮ ತಟ್ಟೆ ತಂದು ಮಗನ ಬಾಯಿಗೆ ಒಂದು ತುತ್ತು ಇಟ್ಟರು. ನಂದೀಶ ನುಂಗಿದ. ಇನ್ನೊಂದಕ್ಕೆ ಬಾಯಿ ತೆರೆದ.

ಎತ್ತಿದ ಕೈ ಹಾಗೆಯೇ ಕೆಳಗಿಳಿಯಿತು.

ಕೋದಂಡರಾಮಯ್ಯ ಮಗನ ಗಂಟಲನ್ನೇ ನೋಡುತ್ತಾ ನಿಂತರು. ಆಮೇಲೆ ಯಾರ ಕಡೆಗೂ ನೋಡದೆ ಮಾತಾಡಿದರು.

"ನನ್ ಮಗ ಇನ್ನು ಎದ್ದು ನಡೆಯಲ್ಲ. ಅದನ್ನ ನಾನು ಸಾಯೋವರೆಗೂ ಮರೆಯಲ್ಲ."

"ನಾನೂ ಮರೆಯಲ್ಲ ಮಾವ."

"ನಿನ್ ಮುಖ ನೋಡಕ್ಕೆ ನನ್ ಕೈಲಾಗಲ್ಲ..." ಅವರು ಕಂಪ್ಯೂಟರಿನಿಂದ ತೆಗೆದು ನೆಲದ ಮೇಲೆ ಗುಡ್ಡೆ ಹಾಕಿದ್ದ ಜುಂಗು ನೋಡಿದರು. "ಆ ಜುಂಗು ಮತ್ತೆ ತುಂಬ್ಕೊಳ್ಳುತ್ತಾ?"

"ಈ ಮನೇಲಿ ತುಂಬ್ದೇ ಇರಲ್ಲ. ತಿಂಗಳಿಗೊಂದ್ಸಲ ತೆಗೀಬೇಕು."

"ಹಾಗಾದ್ರೆ ತಿಂಗಳಿಗೊಂದ್ಸಲ ಬಾ. ತೆಗಿ. ಹೋಗು."

ಅವರು ಬೆನ್ನು ತಿರುಗಿಸಿ ಮಗ್ಗದ ಬಳಿ ಹೋಗಿ ಸ್ವಿಚ್ ಒತ್ತಿದರು. ಎರಡು ಮಗ್ಗಗಳ ಅಬ್ಬರ ಮನೆಯನ್ನೆಲ್ಲ ತುಂಬಿತು. ಅದು ಕ್ಷಮೆಯಲ್ಲ. ಆದರೆ ಹೊಸಿಲಿನ ಮೇಲಿದ್ದ ಆಣೆ ಅಲ್ಲಿಗೆ ಮುಗಿದಿತ್ತು.

ಯೋಗಾನಂದ ಬ್ಯಾಗು ಹೆಗಲಿಗೇರಿಸಿ ಬಾಗಿಲ ಬಳಿ ನಿಂತ. ಪ್ರಮೋದಾ ಮಗ್ಗದ ಪಕ್ಕದಲ್ಲಿ ನಿಂತಿದ್ದಳು. ನಡುವೆ ಅಪ್ಪನ ಬೆನ್ನು, ಕಿವಿಗಡಚಿಕ್ಕುವ ಸದ್ದು.

ಅವನ ತುಟಿ ಆಡಿತು. "ನೀನಿಲ್ದೆ ನಂಗೆ ಬದುಕಿಲ್ಲ ಪಮ್ಮಿ."

ಅವಳು ಒಂದಕ್ಷರವನ್ನೂ ಬಿಡದೆ ಓದಿಕೊಂಡಳು. ಕಣ್ಣೊರೆಸಿಕೊಂಡು, ದನಿಯಿಲ್ಲದೆ ತುಟಿಯಲ್ಲೇ ಕೇಳಿದಳು.

"ಒಂದಿಡೀ ತಿಂಗಳು ಕಾಯ್ಬೇಕಾ?"

"ಹದಿನೈದು ದಿನಕ್ಕೇ ತುಂಬುತ್ತೆ ಅಂತ ಹೇಳ್ತೀನಿ."

"ಎಂಟು ದಿನ ಅನ್ನು," ಎಂದಳು ಅವಳು. "ಜುಂಗು ನಾನು ತುಂಬಿಸಿಟ್ಟಿರ್ತೀನಿ."