ದಿನವಿಡೀ ತುಂಬುವ ಲೋಟ

ಡಾರೆಲ್ ತನ್ನ ಹೆಂಡತಿಯ ಎಡಗಿವಿಗೆ ಹೊಡೆದದ್ದು ಬರಿಗೈಯಲ್ಲಿ, ಒಂದೇ ಏಟು. ಆ ಕಿವಿ ಅವತ್ತೇ ಹೋಯಿತು. ಎರಡು ವರ್ಷ ಬಿಟ್ಟು ಮಣಿಕಟ್ಟು ಮುರಿದ. ಹೋದ ಕ್ರಿಸ್‌ಮಸ್ಸಿಗೆ ದವಡೆ. ದವಡೆಗೆ ತಂತಿ ಬಿಗಿಸಿಕೊಂಡ ಡೆಸ್ಲಿ ಆರು ವಾರ ಸ್ಟ್ರಾದಲ್ಲಿ ಕುಂಬಳಕಾಯಿ ಸೂಪು ಹೀರಿದಳು. ಪಕ್ಕದಲ್ಲಿ ಲೋಟ ಹಿಡಿದು ಕೂತವನು ಅವಳ ಅಣ್ಣ ಮರ್ವಿನ್. ಆ ಆರು ವಾರದಲ್ಲಿ ಅವನು ಒಂದು ಸಲವೂ ಕೂಗಾಡಲಿಲ್ಲ. ಕೂಗಾಡುವವರ ಪೈಕಿ ಅಲ್ಲ ಅವನು.

ಆಮೇಲೆ ಡೆಸ್ಲಿ ಗುಟ್ಟಾಗಿ ಎರಡು ಗಂಟೆ ದೂರದ ಟುವೂಂಬಾ ಊರಿಗೆ ಹೋಗಿ ಬಾಡಿಗೆ ಮನೆ ಹಿಡಿದಳು. ಗಂಡ ಅವಳ ಹತ್ತಿರ ಸುಳಿಯಕೂಡದು ಅಂತ ಕೋರ್ಟು ಕಾಗದವನ್ನೂ ಕೊಟ್ಟಿತು. ಹೀಗಿರುವಾಗ ಶುಕ್ರವಾರ ಮಧ್ಯಾಹ್ನ ಮರ್ವಿನ್‌ಗೆ ಡಾರೆಲ್‌ನ ಫೋನು ಬಂತು.

“ಏನ್ ಗುರೂ, ಆರಾಮಾ? ನಿನ್ ತಂಗಿ ಗೇಟಿಗೆ ಹಸಿರು ಬಣ್ಣ ಹೊಡೆಸಿದಾಳಂತೆ. ಭಾರೀ ಚೆಂದ ಇದೆಯಂತೆ. ಗುರುವಾರ ಹೋಗಿ ನೋಡ್ಕೊಂಡ್ ಬರ್ತೀನಿ.”

ಗೇಟು ನಿಜವಾಗಿಯೂ ಹಸಿರೇ. ಮರ್ವಿನ್ ಪೊಲೀಸರಿಗೆ ಹೇಳಿದ. “ಅವರು ಇನ್ನೂ ಏನೂ ಮಾಡಿಲ್ವಲ್ಲ ಸರ್” ಅಂದರು. ಮಾಡಿದ ಮೇಲೆ ಬರುತ್ತಾರಂತೆ, ಇವರ ಮನೆ ಹಾಳಾಗ! ಅವತ್ತೇ ಮರ್ವಿನ್ ತೀರ್ಮಾನಿಸಿದ. ಗುರುವಾರದ ಹೊತ್ತಿಗೆ ಡಾರೆಲ್ ಬದುಕಿರಬಾರದು. ಆದರೆ ಅವನು ಸತ್ತ ಗಳಿಗೆಯಿಂದ ಎಲ್ಲರ ಕಣ್ಣೂ ಹೆಂಡತಿಯ ಅಣ್ಣನ ಮೇಲೇ ಬೀಳುತ್ತದೆ. ಹಾಗಾಗಿ ಕೊಲ್ಲುವುದು ಎರಡನೆಯ ಮಾತು. ಆ ಹೊತ್ತಿನಲ್ಲಿ ತಾನು ಬೇರೆ ಕಡೆ ಇದ್ದೆ ಅನ್ನುವುದಕ್ಕೆ ಯಾರೂ ಅಲ್ಲಾಡಿಸಲಾಗದ ಸಾಕ್ಷಿ ಮೊದಲು ಬೇಕು.

ಸಾಕ್ಷಿ ಅವನ ಕೈಯಲ್ಲೇ ಇತ್ತು. ನೀಲಿ ಬಣ್ಣದ ಪ್ಲಾಸ್ಟಿಕ್ ಲೋಟ.

ಬೆನ್ನುನೋವಿಗೆ ಬಸ್ ಓಡಿಸುವ ಕೆಲಸ ಬಿಟ್ಟಾಗಿನಿಂದ, ಅಂದರೆ ಒಂಬತ್ತು ವರ್ಷದಿಂದ, ಮರ್ವಿನ್ ಗೋಲ್ಡ್ ಕೋಸ್ಟಿನ ಪೆಲಿಕನ್ ಪಾರ್ಕ್ ಅನ್ನುವ ಮನರಂಜನಾ ಪಾರ್ಕಿಗೆ ವರ್ಷದ ಪಾಸು ಇಟ್ಟುಕೊಂಡವನು. ಮೇಲೆ ಕೆಳಗೆ ತಿರುಗಿಸುವ ಆಟಗಳಲ್ಲಿ ಅವನು ಕೂತವನೇ ಅಲ್ಲ. ನೆರಳು, ಜನ, ಗದ್ದಲ ಇದ್ದರೆ ಸಾಕು. ಜೊತೆಗೆ ಪಾರ್ಕಿನವರ ಮೇಲೊಂದು ಖಾಸಗಿ ಯುದ್ಧ. ಒಂದು ಬಾಟಲಿ ನೀರಿಗೆ ಆರು ಡಾಲರ್ ಕೇಳುತ್ತಾರೆ, ಹಗಲುದರೋಡೆಕೋರರು! ಈ ಒಂಬತ್ತು ವರ್ಷದಲ್ಲಿ ಅವನು ಅವರಿಂದ ಒಂದೇ ಒಂದು ಬಾಟಲಿ ಕೊಂಡಿಲ್ಲ. ಮನೆಯಿಂದ ನೀರು ಹೆಪ್ಪುಗಟ್ಟಿಸಿ ತಂದರೆ ಗೇಟಿನಲ್ಲಿ ಬಿಡುತ್ತಾರೆ ಅನ್ನುವುದನ್ನು ಪಾಸಿನವರಿಗೆಲ್ಲ ಹೇಳಿಕೊಟ್ಟವನು ಅವನೇ. ಐಸ್‌ಕ್ರೀಂ ಅಂಗಡಿ ಹಿಂದಿನ ನಲ್ಲಿಯಲ್ಲಿ ಬಿಟ್ಟಿ ನೀರು ಎಲ್ಲಕ್ಕಿಂತ ತಣ್ಣಗಿರುತ್ತದೆ ಅಂತ ಕಂಡುಹಿಡಿದವನೂ ಅವನೇ.

ನೀಲಿ ಲೋಟದ ವಿಷಯಕ್ಕೆ ಬಂದರಂತೂ ಅವನನ್ನು ಮೀರಿಸಿದವರಿಲ್ಲ. ಬೆಳಿಗ್ಗೆ ಒಂದು ಸಲ ದುಡ್ಡು ಕಟ್ಟಿದರೆ ಪಾರ್ಕು ಮುಚ್ಚುವ ಐದು ಗಂಟೆಯ ತನಕ ಅದನ್ನು ಎಷ್ಟು ಸಲ ಬೇಕಾದರೂ ತುಂಬಿಸಿಕೊಳ್ಳಬಹುದು. ಬುಡದಲ್ಲಿ ನಾಣ್ಯದಗಲದ ಒಂದು ಬಿಲ್ಲೆ ಅಂಟಿಸಿರುತ್ತಾರೆ. ಯಂತ್ರ ಬಿಲ್ಲೆಯ ಗುರುತು ಹಿಡಿದರಷ್ಟೇ ಪಾನೀಯ ಸುರಿಯುತ್ತದೆ, ಆಮೇಲೆ ಹತ್ತು ನಿಮಿಷ ಕಾಯಿಸುತ್ತದೆ. ಲೋಟವೋ, ಚೋಟುದ್ದದ್ದು. ಅದಕ್ಕೇ ಮರ್ವಿನ್ ಬಿಲ್ಲೆಗೆ ಬಿಸಿ ಫ್ಲಾಸ್ಕ್ ಒತ್ತಿ ಹಿಡಿದು, ಅಂಟು ಮೆತ್ತಗಾದ ಮೇಲೆ ಉಗುರಿನಿಂದ ಎಬ್ಬಿಸಿ, ಲೀಟರ್ ಹಿಡಿಯುವ ಮನೆಯ ಮಗ್ಗಿಗೆ ಅಂಟಿಸುವ ವಿದ್ಯೆ ಕಂಡುಹಿಡಿದ. ದೊಡ್ಡ ಅತ್ತಿಮರದ ಕೆಳಗೆ ಕೂರುವ ಪಾಸಿನ ಮುದುಕ ಮುದುಕಿಯರಿಗೆಲ್ಲ ಕಲಿಸಿದ. ಅವರು ಅವನನ್ನು ಪ್ರೊಫೆಸರ್ ಅಂತಲೇ ಕರೆಯುವುದು. ಆ ಹೆಸರು ಕೇಳಿದರೆ ಮರ್ವಿನ್‌ಗೆ ಒಳಗೊಳಗೇ ಖುಷಿ.

ಎರಡು ವರ್ಷದ ಹಿಂದೆ ಪಾರ್ಕಿನ ಆಫೀಸಿನವರು ಅವನನ್ನು ಕರೆಸಿ, “ನಿನ್ನೆ ನೀವು ಇಪ್ಪತ್ತೇಳು ಸಲ ತುಂಬಿಸಿದೀರಿ” ಅಂತ ಒಂದು ಹಾಳೆ ತೋರಿಸಿದ್ದರು. ಎಷ್ಟು ಗಂಟೆ, ಯಾವ ಯಂತ್ರ, ಯಾವ ರುಚಿ, ಎಲ್ಲವೂ ಅವನ ಪಾಸಿನ ಹೆಸರಿನ ಕೆಳಗೆ. ಅವತ್ತು ಅವನಿಗೆ ಮೈ ಉರಿದಿತ್ತು. ಈಗ ಅದೇ ಹಾಳೆಯನ್ನು ನೆನೆದು ಮುದ್ದು ಬಂತು. ಮನುಷ್ಯರ ಸಾಕ್ಷಿಯನ್ನು ವಕೀಲರು ಹರಿದು ಹಾಕುತ್ತಾರೆ. ಯಂತ್ರದ ಸಾಕ್ಷಿಯನ್ನು ಯಾರು ಹರಿಯುತ್ತಾರೆ?

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಅವನು ಲೋಟ ಕೊಂಡು, ಕೌಂಟರಿನ ಹುಡುಗಿಯ ಜೊತೆ ಸೆಖೆಯ ಬಗ್ಗೆ ಮಾತಾಡಿ, ಅವಳ ಎದುರಿಗೇ ತುಂಬಿಸಿಕೊಂಡು ಒಂದು ಗುಟುಕು ಕುಡಿದ. ಬಿಲ್ಲೆಯನ್ನು ಇವತ್ತು ಮುಟ್ಟಲಿಲ್ಲ. ಇವತ್ತು ಈ ಲೋಟ ಪೊಲೀಸರ ಮೇಜಿನ ಮೇಲೆ ಕೂರಬೇಕಾದದ್ದು, ಮೈಯೆಲ್ಲ ಪ್ರಾಮಾಣಿಕವಾಗಿರಬೇಕು.

ಅತ್ತಿಮರದ ಕೆಳಗೆ ನೋಲೀನ್ ಒಬ್ಬಳೇ ಹೆಣಿಗೆ ಹಾಕುತ್ತಾ ಕೂತಿದ್ದಳು. ಎಪ್ಪತ್ತೆಂಟು ವರ್ಷ. ನಲವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಬೆಂಚು ಕೂಡ ಒರೆಸಿಯೇ ಕೂರುತ್ತಾಳೆ. ಪಾಸು ಮಕ್ಕಳು ಕೊಡಿಸಿದ್ದು. ಲೋಟ ಕೊಳ್ಳಲು ಪಿಂಚಣಿ ಸಾಲದು, ಹಾಗಾಗಿ ಟೀಗೆ ಬಿಸಿನೀರಿನ ಫ್ಲಾಸ್ಕು, ಮೊಮ್ಮಗಳ ಫೋಟೋ ಇರುವ ದೊಡ್ಡ ಮಗ್ಗು ಮನೆಯಿಂದಲೇ ತರುತ್ತಾಳೆ.

“ನೋಲೀನ್, ಹೊಟ್ಟೆ ಕೆಟ್ಟುಹೋಗಿದೆ. ಟಾಯ್ಲೆಟ್ ಬಿಟ್ಟು ಕದಲೋ ಹಾಗಿಲ್ಲ.”

“ಏನ್ ತಿಂದ್ಯೋ ಮಾರಾಯಾ? ಮತ್ತೆ ಆ ಸೋವಿ ಸೀಗಡಿನಾ?”

“ಅದೇ. ಆದ್ರೆ ಇದಕ್ಕೆ ದುಡ್ಡು ಕಟ್ಬಿಟ್ಟಿದೀನಿ, ದಂಡ ಆಗುತ್ತೆ. ನೀವು ತಗೊಳ್ಳಿ. ಅರ್ಧ ಗಂಟೆಗೊಂದ್ಸಲ ತುಂಬಿಸ್ಕೊಂಡು ಕುಡೀರಿ. ಇವತ್ತು ಪೂರ್ತಿ ನಿಮ್ದೇ.”

“ಯಾರಾದ್ರೂ ನೋಡಿದ್ರೋ? ಹೋದ ವರ್ಷ ಆ ಗಂಡ ಹೆಂಡ್ತಿ ಒಂದೇ ಲೋಟದಲ್ಲಿ ಕುಡಿದ್ರು ಅಂತ ಪಾಸೇ ಕಿತ್ಕೊಂಡ್ರಲ್ಲ.”

“ಅದಕ್ಕೇ ಬಾಯಿ ಬಿಡ್ಬೇಡಿ. ಯಾರ್ ಕೇಳಿದ್ರೂ ಮರ್ವ್ ಇಲ್ಲೇ ಇದ್ದ, ಹೊಟ್ಟೆ ಸರಿ ಇರ್ಲಿಲ್ಲ ಅನ್ನಿ.”

“ಪ್ರೊಫೆಸರ್ ಕಣೋ ನೀನು!” ಅಂತ ಮುದುಕಿ ಕಣ್ಣು ಮಿಟುಕಿಸಿ, ಲೋಟವನ್ನು ಕರವಸ್ತ್ರದಲ್ಲಿ ಹಿಡಿದು ತಿರುಗಿಸಿ ನೋಡಿದಳು. “ಥೂ, ಆಗ್ಲೇ ಬಾಯಿಟ್ಟಿದೀಯಲ್ಲೋ, ಎಂಜಲು.”

“ಒಂದೇ ಗುಟುಕು. ತೊಳ್ಕೊಳ್ಳಿ.”

ಎಲ್ಲ ಲೆಕ್ಕದ ಪ್ರಕಾರವೇ ನಡೆಯಿತು. ಮುದುಕಿಗೆ ಪಾಸು ಹೋಗುವ ಭಯ, ಬಾಯಿ ಬಿಡುವುದಿಲ್ಲ. ಯಂತ್ರಗಳ ಹತ್ತಿರದ ಕ್ಯಾಮೆರಾ ನೋಡುವುದು ಹಣದ ಪೆಟ್ಟಿಗೆಯನ್ನು. ಹನ್ನೊಂದೂ ನಲವತ್ತಕ್ಕೆ ಮರ್ವಿನ್ ಪಂಪುಮನೆಯ ಹಿಂದೆ, ಕೆಲಸದವರು ಸಿಗರೇಟಿಗೆ ನುಸುಳುವ ಬೇಲಿಕಿಂಡಿಯಿಂದ ಹೊರಬಿದ್ದ. ಕಾಲುವೆಯ ದಂಡೆ ಹಿಡಿದು ಹತ್ತು ನಿಮಿಷ ನಡೆದರೆ ಡಾರೆಲ್‌ನ ಹಿತ್ತಿಲು. ಮೈಮೇಲೆ ನೀರಿನ ಆಟಗಳಿಗೆ ಪಾರ್ಕಿನಲ್ಲಿ ಮಾರುವ ತೆಳು ಪ್ಲಾಸ್ಟಿಕ್ ಅಂಗಿ. ಚೀಲದಲ್ಲಿ ಮೂರು ದಿನದಿಂದ ಫ್ರೀಜರಿನಲ್ಲಿಟ್ಟ ಎರಡು ಲೀಟರಿನ ನೀರಿನ ಬಾಟಲಿ, ಕಲ್ಲಾಗಿತ್ತು. ಗೇಟಿನ ಹುಡುಗ ಅದನ್ನು ಎತ್ತಿ ನೋಡಿ, “ಒಳ್ಳೇ ಐಡಿಯಾ ಸರ್” ಅಂದಿದ್ದ.

ಡಾರೆಲ್ ಕಾಲುವೆಯಂಚಿನ ಹಲಗೆಕಟ್ಟೆಯ ಮೇಲೆ ಬೆನ್ನು ಮಾಡಿ ಕೂತು ಗಾಳದ ರಾಟೆಗೆ ಎಣ್ಣೆ ಬಿಡುತ್ತಿದ್ದ. ಪ್ರತಿ ಮಂಗಳವಾರ ಎರಡಕ್ಕೆ ಅವನ ಗೆಳೆಯ ದೋಣಿ ತರುತ್ತಾನೆ. ಹೆಣ ಬೇಗ ಸಿಗಬೇಕು, ಸತ್ತ ಹೊತ್ತು ಖಚಿತವಾಗಬೇಕು ಅಂತಲೇ ಮರ್ವಿನ್ ಮಂಗಳವಾರ ಆರಿಸಿದ್ದು. ರೇಡಿಯೋದಲ್ಲಿ ಕ್ರಿಕೆಟ್ ಕಿರುಚುತ್ತಿತ್ತು. ಚೀಲದ ಹಿಡಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ ಮರ್ವಿನ್ ಹಿಂದಿನಿಂದ ಬೀಸಿದ. ಎಡಗಿವಿಗೆ. ಅದನ್ನು ಅವನು ಮೊದಲೇ ಗೊತ್ತು ಮಾಡಿಕೊಂಡಿದ್ದ.

ಲೆಕ್ಕದಲ್ಲಿ ಒಂದೇ ಏಟಿತ್ತು. ಡಾರೆಲ್ ಬೀಳಲಿಲ್ಲ. ಕಿವಿಯಿಂದ ರಕ್ತ ಸುರಿಸುತ್ತಾ ಎದ್ದು ತಿರುಗಿ, “ನೀನಾ?” ಅಂದು, ಮರ್ವಿನ್‌ನ ಪಕ್ಕೆಗೆ ಗುದ್ದಿದ. ಒಳಗೆ ಏನೋ ಲಟಕ್ಕೆಂದಿತು. ಇಬ್ಬರೂ ರೇಡಿಯೋದ ಮೇಲೆ ಉರುಳಿದರು. ಎಣ್ಣೆ ಮೆತ್ತಿದ ಎರಡು ಹೆಬ್ಬೆರಳು ಮರ್ವಿನ್‌ನ ಗಂಟಲು ಅಮುಕಿದವು, ಆಕಾಶ ಕಪ್ಪಾಗತೊಡಗಿತು. ಅವನು ಕೈಗೆ ಸಿಕ್ಕ ರಾಟೆಯನ್ನು ಡಾರೆಲ್‌ನ ಕಣ್ಣಿಗೆ ಒತ್ತಿ ಬಿಡಿಸಿಕೊಂಡು ಮೇಲೆ ಬಂದ. ಎರಡನೆಯ ಏಟು ಬಾಯಿಗೆ, ಹಲ್ಲು ಹಲಗೆಯ ಮೇಲೆ ಉರುಳಿದವು. ಮೂರನೆಯದು ದವಡೆಗೆ. ಆರು ವಾರದ ಸೂಪೆಲ್ಲ ಆ ಏಟಿನಲ್ಲಿತ್ತು. ನಾಲ್ಕನೆಯದೂ ದವಡೆಗೇ.

ಡಾರೆಲ್ ತೆವಳಿದ. ನೀರಿನ ಕಡೆ ಎರಡು ಮಾರು ತೆವಳಿ, ಒಡೆದ ಬಾಯಲ್ಲಿ, “ಹೋಗಲ್ಲ ಮರ್ವ್... ಆಣೆಗೂ... ಗುರುವಾರ ಹೋಗಲ್ಲ...” ಅಂದ.

“ಗೊತ್ತು,” ಅಂದ ಮರ್ವಿನ್. ಮತ್ತೆ ಬೀಸಿದ. ತಲೆ ಮೆತ್ತಗಾಗುವ ತನಕ ಬೀಸಿದ. ಒಟ್ಟು ಹನ್ನೊಂದು ಏಟು. ಗಡಿಯಾರ ನೋಡಿಕೊಂಡ. ಹನ್ನೆರಡೂ ಐದು.

ವಾಪಸು ನುಸುಳಿದವನು ಸೀದಾ ದೊಡ್ಡ ಜಾರುದೋಣಿ ನೀರಿಗೆ ಬಂದು ಬೀಳುವ ಕಡೆಯ ಸೇತುವೆಯ ಮೇಲೆ ನಿಂತ. ದೋಣಿ ಬಿದ್ದಾಗಲೆಲ್ಲ ಅಲ್ಲಿ ನಿಂತವರ ಮೇಲೆ ನೀರಿನ ಗೋಡೆಯೇ ಎರಗುತ್ತದೆ. ಮಕ್ಕಳ ನಡುವೆ ನಿಂತು ಮೂರು ಸಲ ನೆನೆದ. ರಕ್ತ ತೊಳೆದುಹೋಯಿತು. ಪ್ಲಾಸ್ಟಿಕ್ ಅಂಗಿ, ಚೀಲ ಎರಡನ್ನೂ ಅಂಥದೇ ನೂರು ಅಂಗಿಗಳಿದ್ದ ಕಸದ ಡಬ್ಬಿಗೆ ತುರುಕಿದ. ಬಾಟಲಿಯ ಐಸು ಕರಗಿಸಿ ಹೂವಿನ ಪಾತಿಗೆ ಸುರಿದ. ಖಾಲಿ ಬಾಟಲಿ ವಾಪಸು ಕೊಟ್ಟರೆ ಹತ್ತು ಸೆಂಟು ಬರುತ್ತದೆ, ಕೈ ಅತ್ತಲೇ ಹೋಯಿತು. ಅಯ್ಯೋ ದೇವರೇ, ಇಂಥ ಚಪಲದಲ್ಲೇ ಅಲ್ಲವೇ ಜನ ಸಿಕ್ಕಿಬೀಳುವುದು! ಅದನ್ನೂ ಡಬ್ಬಿಗೆ ಎಸೆದ. ಹತ್ತು ಸೆಂಟು ಬಿಟ್ಟದ್ದಕ್ಕೆ ತನ್ನ ಮೇಲೆ ತನಗೇ ಅಭಿಮಾನ ಉಕ್ಕಿತು.

ಮೂರಕ್ಕೆ ಹತ್ತು ನಿಮಿಷವಿರುವಾಗ ಪೊಲೀಸರ ಫೋನು ಬಂತು. ಡಾರೆಲ್ ಸತ್ತಿದ್ದಾನೆ, ಸ್ಟೇಷನ್ನಿಗೆ ಬರಬಹುದೇ? ಮರ್ವಿನ್ ಅಭ್ಯಾಸ ಮಾಡಿಟ್ಟುಕೊಂಡಿದ್ದಷ್ಟು ಬೆಚ್ಚಿಬಿದ್ದ. ಅತ್ತಿಮರದ ಹತ್ತಿರ ಹೋಗಿ ಲೋಟ ಕೇಳಿದ.

“ಬಿಸಿನೀರಲ್ಲಿ ತೊಳೆದು ತುಂಬಿಸಿಟ್ಟಿದೀನಿ ನೋಡು,” ಅಂದಳು ನೋಲೀನ್. “ಸಪ್ಪೆ ಮೋರೆ ಹಾಕ್ಕೊಂಡಿದೀಯಲ್ಲೋ. ಮನೆಗೆ ಹೋಗಿ ಮಲ್ಕೋ. ದಾರೀಲಿ ಈ ನಿಂಬೆ ಕುಡಿ, ಹೊಟ್ಟೆಗೆ ಒಳ್ಳೇದು.”

“ಎಷ್ಟು ಸಲ ತುಂಬಿಸಿದ್ರಿ?”

“ನೀನ್ ಹೇಳಿದ ಹಾಗೇ. ಅರ್ಧ ಗಂಟೆಗೊಂದ್ಸಲ, ಗಡಿಯಾರ ನೋಡ್ಕೊಂಡು.” ಪಕ್ಕದಲ್ಲಿದ್ದ ಮಗ್ಗಿನ ಮೇಲೆ ಮೊಮ್ಮಗಳು ಹಲ್ಲುಬಿಟ್ಟು ನಗುತ್ತಿದ್ದಳು. ಮರ್ವಿನ್‌ಗೆ ಮುದುಕಿಯನ್ನು ಅಪ್ಪಿಕೊಳ್ಳಬೇಕೆನಿಸಿತು.

ಮೂರೂವರೆಗೆ ಅವನು ಸ್ಟೇಷನ್ನಿನ ಮೇಜಿನ ಮೇಲೆ ತುಂಬಿದ ಲೋಟ ಇಟ್ಟು, ಕತ್ತಿನ ಗುರುತು ಕಾಣದಂತೆ ಕಾಲರಿನ ಗುಂಡಿ ಹಾಕಿ, ಪಕ್ಕೆಯ ನೋವು ಕಾಣದಂತೆ ನೆಟ್ಟಗೆ ಕೂತಿದ್ದ. ಎದುರಿಗೆ ಡಿಟೆಕ್ಟಿವ್ ಮೆಲೆ ಟೂಪೊ, ಟೋಂಗಾ ದ್ವೀಪದ ಕಡೆಯ ದೊಡ್ಡ ಮೈಯ ಹೆಂಗಸು, ಮಾತು ಮೆದು. ನಾಲ್ಕು ಗಂಟೆಯ ತನಕ ಡೆಸ್ಲಿಯ ಬಗ್ಗೆಯೇ ಕೇಳಿದಳು. ಡೆಸ್ಲಿ ಈಗ ಬಾಗಿಲು ತೆರೆದಿಟ್ಟು ಮಲಗಬಹುದು, ಅಷ್ಟು ಸಾಕು ಅಂತ ಮರ್ವಿನ್ ಮನಸ್ಸಿನಲ್ಲೇ ಅಂದುಕೊಂಡ.

“ನಿಮಗೆ ಅವನ ಮೇಲೆ ದ್ವೇಷ ಇರ್ಲಿಲ್ವಾ?”

“ಇತ್ತು. ಸುಳ್ಳು ಯಾಕೆ ಹೇಳ್ಲಿ? ಆದ್ರೆ ನಾನು ಹತ್ತು ಗಂಟೆಯಿಂದ ಪಾರ್ಕಲ್ಲೇ ಇದ್ದೆ ಮೇಡಂ. ನನ್ನ ಮಾತು ನಂಬಬೇಡಿ, ಈ ಲೋಟಾನ ಕೇಳಿ. ಪಾರ್ಕಿಗೆ ಫೋನ್ ಮಾಡಿ.”

“ಈ ಲೋಟ ಇಡೀ ದಿನ ನಿಮ್ಮ ಹತ್ರಾನೇ ಇತ್ತಾ?”

“ಒಂದು ಗಳಿಗೆ ಬಿಟ್ಟಿಲ್ಲ.”

ಟೂಪೊ ಅವನ ಎದುರಿಗೇ ಪಾರ್ಕಿಗೆ ಫೋನು ಮಾಡಿ, ಧ್ವನಿ ಇಬ್ಬರಿಗೂ ಕೇಳುವಂತೆ ಇಟ್ಟಳು. ಆಫೀಸಿನವನು ಮರ್ವಿನ್ ಹೆಸರಿನ ಲೋಟದ ಲೆಕ್ಕ ಹುಡುಕಿ ಓದತೊಡಗಿದ. “ಹತ್ತು ಹದಿನೆಂಟು, ಗೇಟಿನ ಹತ್ರದ್ದು, ಕೋಲಾ. ಹನ್ನೊಂದು ಹತ್ತು, ಅತ್ತಿಮರದ ಹತ್ರ, ನಿಂಬೆ. ಹನ್ನೊಂದು ನಲವತ್ತು, ನಿಂಬೆ. ಹನ್ನೆರಡು ಹತ್ತು, ನಿಂಬೆ...” ಹನ್ನೆರಡೂ ಹತ್ತು! ಮರ್ವಿನ್ ಲೋಟ ಎತ್ತಿ, ಬೆಳಗಿನಿಂದ ಮೊದಲ ಸಲ ನೆಮ್ಮದಿಯಾಗಿ ಒಂದು ಗುಟುಕು ನುಂಗಿದ.

“...ಮೂರು ಹತ್ತು, ನಿಂಬೆ. ಮೂರು ನಲವತ್ತು, ನಿಂಬೆ,” ಅಂದಿತು ಫೋನು. ಟೂಪೊ ಬರೆಯುವುದನ್ನು ನಿಲ್ಲಿಸಿ, ಲೋಟ ನೋಡಿದಳು, ಅವನನ್ನು ನೋಡಿದಳು. “ಯಂತ್ರದ ಗಡಿಯಾರ ಕೆಟ್ಟಿರ್ಬೇಕು ಮೇಡಂ,” ಅಂದ ಮರ್ವಿನ್. ಆಗ ಅವನಿಗೆ ನೋಲೀನಳ ಫ್ಲಾಸ್ಕು, ಮೊಮ್ಮಗಳ ಮಗ್ಗು ನೆನಪಾದವು, ಎಂಜಲಿಗೆ ಮೂಗು ಮುರಿದ ಮುದುಕಿ ನೆನಪಾದಳು, ಇವತ್ತು ಪೂರ್ತಿ ನಿಮ್ದೇ ಅಂದ ತನ್ನ ಮಾತು ನೆನಪಾಯಿತು. ಲೋಟವನ್ನು ತಲೆಕೆಳಗು ಮಾಡಿದ. ನಿಂಬೆ ಪಾನೀಯವೆಲ್ಲ ತೊಡೆಯ ಮೇಲೆ ಸುರಿಯಿತು. ಬುಡದಲ್ಲಿ ಬಿಲ್ಲೆ ಇರಲಿಲ್ಲ, ನಾಣ್ಯದಗಲದ ಅಂಟಿನ ಗುರುತಷ್ಟೇ ಇತ್ತು, ತಾನು ಕಲಿಸಿದ ಹಾಗೆಯೇ, ಒಂದು ಚೂರೂ ಹರಿಯದಂತೆ ಎಬ್ಬಿಸಿದ್ದು. “ಒಂದ್ನಿಮಿಷ ಮೇಡಂ,” ಅಂದಿತು ಫೋನು, “ಇಗೋ ಈಗಷ್ಟೇ ಇನ್ನೊಂದು ಬಂತು. ನಾಲ್ಕು ಹತ್ತು, ಅತ್ತಿಮರದ ಹತ್ರ, ನಿಂಬೆ.”